ಕೌದಿಗೆ ಸ್ಪ್ರೇ ಅಂಟು ಹೊಡೆಯುವ ಮುನ್ನ

ಕೌದಿಯ ಪದರಗಳು ಜಾರದಿರಲೆಂದು ನಡುವೆ ಸ್ಪ್ರೇ ಅಂಟು ಹೊಡೆದೆ, ಈಗ ಸೂಜಿ ಅಂಟಂಟಾಗಿದೆ, ಹೊಲಿಗೆ ತಪ್ಪುತ್ತಿದೆ, ನೆಲದ ಮೇಲೆ ಕಾಲಿಟ್ಟರೆ ಹಿಡಿದುಕೊಳ್ಳುತ್ತದೆ, ಏನು ಮಾಡಲಿ ಎಂದು ನೀವು ಬರೆದ ಪತ್ರ ಓದುತ್ತಿದ್ದಂತೆ ಧಾರವಾಡದ ನಮ್ಮ ಮನೆಯ ಪಡಸಾಲೆ ಕಣ್ಣ ಮುಂದೆ ಬಂತು.

ಮಗಳ ಹೆರಿಗೆಗೆ ಎರಡು ತಿಂಗಳಿತ್ತು. ಹುಟ್ಟುವ ಕೂಸಿಗೆ ನಮ್ಮ ಅವ್ವನ ಸೀರೆಯ ಕೌದಿಯನ್ನೇ ಹಾಸಬೇಕೆಂಬ ಆಸೆ ನನ್ನದು. ಟ್ರಂಕಿನಲ್ಲಿ ಅವಳ ಎರಡೇ ಇಳಕಲ್ ಸೀರೆ ಉಳಿದಿದ್ದವು. ಉಟ್ಟು ಉಟ್ಟು ಮಲ್ ಬಟ್ಟೆಯಷ್ಟು ಮೆತ್ತಗಾಗಿದ್ದವು, ತೋಪು ತೆನೆ ವಿನ್ಯಾಸದ ಸೆರಗು ಮಾತ್ರ ಇನ್ನೂ ಕೆಂಪಗೇ ಇತ್ತು. ಮೊಣಕಾಲು ನೋವಿನಿಂದ ನೆಲಕ್ಕೆ ಕುಳಿತು ಕಚ್ಚಾ ಹೊಲಿಗೆ ಹಾಕುವುದು ಕಷ್ಟವಾಗಿತ್ತು. ಪದರಗಳ ನಡುವೆ ಅಂಟು ಸಿಂಪಡಿಸಿ ನೇರವಾಗಿ ಯಂತ್ರಕ್ಕೆ ಕೊಡುವ ವಿಡಿಯೊ ನೋಡಿ, ಅಂಗಡಿಗೆ ಹೋಗಿ ಒಂದು ಡಬ್ಬಿ ತಂದೆ.

ತಪ್ಪಿದ್ದು ಅಲ್ಲಿಯೇ. ಡಬ್ಬಿಯ ಮೇಲೆ ಕಾಗದ, ಥರ್ಮಾಕೋಲ್, ಫೋಮ್, ಬಟ್ಟೆ ಎಂದು ಸಾಲಾಗಿ ಬರೆದಿತ್ತು. ಬಟ್ಟೆ ಎಂಬ ಪದ ಕಂಡದ್ದೇ ಇದು ಬಟ್ಟೆಯ ಅಂಟು ಎಂದು ನಂಬಿಬಿಟ್ಟೆ. ಆ ಪಟ್ಟಿ ಹೇಳುತ್ತಿದ್ದುದು ಅಂಟು ಯಾವುದಕ್ಕೆ ಹಿಡಿಯುತ್ತದೆ ಎಂಬುದನ್ನು, ಯಾವುದರಿಂದ ಬಿಡುತ್ತದೆ ಎಂಬುದನ್ನಲ್ಲ. ಕೌದಿಗೆ ಬೇಕಾದದ್ದು ಹೊಲಿಯುವವರೆಗೆ ಹಿಡಿದು, ಒಗೆದಾಗ ನೀರಿನಲ್ಲಿ ಹೋಗುವ ಅಂಟು. ಅಂಥದ್ದರ ಮೇಲೆ ‘ಟೆಂಪರರಿ’ ಎಂದೇ ಬರೆದಿರುತ್ತದೆ. ನಾನು ತಂದದ್ದು ಪರ್ಮನೆಂಟ್. ಆ ಪದವೂ ಡಬ್ಬಿಯ ಹಿಂಬದಿಯಲ್ಲಿತ್ತು, ಸಣ್ಣ ಅಕ್ಷರದಲ್ಲಿ. ತಿರುಗಿಸಿ ಓದಿದ್ದರೆ ಅವ್ವನ ಸೀರೆ ಉಳಿಯುತ್ತಿತ್ತು. ಇಷ್ಟು ಬಿಡಿಸಿ ಹೇಳುತ್ತಿರುವುದು ನೀವು ಈಗಲೇ ಎದ್ದು ನಿಮ್ಮ ಡಬ್ಬಿಯನ್ನು ತಿರುಗಿಸಿ ನೋಡಲಿ ಎಂದು.

ಪಡಸಾಲೆಯ ನೆಲದ ಮೇಲೆ ಸೀರೆ ಹಾಸಿ ಅಂಟು ಹೊಡೆಯುವಾಗ ಫ್ಯಾನ್ ಬೇರೆ ತಿರುಗುತ್ತಿತ್ತು. ಮರುದಿನ ಕೌದಿ ಎತ್ತಿದಾಗ ನೆಲದ ಮೇಲೆ ಅದರ ಅಳತೆಯ ಚೌಕ ಮಾತ್ರ ಸ್ವಚ್ಛವಾಗಿತ್ತು. ಸುತ್ತಲೂ ಎರಡು ಗೇಣು ಅಗಲಕ್ಕೆ ಧೂಳು, ಕೂದಲು, ದಾರದ ಎಳೆ ಅಂಟಿಕೊಂಡು ಕಪ್ಪು ಅಂಚು ಕಟ್ಟಿದಂತಿತ್ತು. ಯಂತ್ರದಲ್ಲಿ ಹತ್ತು ಹೊಲಿಗೆ ಬೀಳುವಷ್ಟರಲ್ಲಿ ಸೂಜಿಗೆ ಅಂಟು ಮೆತ್ತಿ ದಾರ ಕಡಿಯುತ್ತಿತ್ತು. ಹೇಗೋ ಮುಗಿಸಿ ಒಗೆದೆ. ಅಂಟು ಹೋಗಲಿಲ್ಲ. ಬಿಸಿಗೆ ಬಿಟ್ಟೀತೆಂದು ಇಸ್ತ್ರಿ ಮಾಡಿದೆ, ತೆಳು ಸೀರೆಯೊಳಗಿಂದ ಅಂಟು ಮೇಲೆ ಬಂದು ಹಳದಿ ಕಲೆಯಾಗಿ ನಿಂತಿತು. ಹಪ್ಪಳದ ಹಾಗೆ ಬಿರುಸಾದ ಆ ಬಟ್ಟೆಯ ಮೇಲೆ ಕೂಸನ್ನು ಮಲಗಿಸಲು ಮನಸ್ಸು ಬರಲಿಲ್ಲ.

ಈಗ ನಿಮ್ಮ ನೆಲ. ಟೆಂಪರರಿ ಅಂಟಾದರೆ ಬಿಸಿನೀರಿಗೆ ಪಾತ್ರೆ ತೊಳೆಯುವ ಸೋಪು ಕಲಸಿ ಸುರಿದು, ಹತ್ತು ನಿಮಿಷ ಬಿಟ್ಟು ಉಜ್ಜಿ. ಪರ್ಮನೆಂಟ್ ಆದರೆ ಮೊದಲು ಕೊಬ್ಬರಿ ಎಣ್ಣೆ ಸವರಿ ನೆನೆಯಲು ಬಿಡಿ, ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ಕೆರೆದು ತೆಗೆಯಿರಿ, ಆಮೇಲೆ ಸೋಪಿನ ನೀರು. ಎಣ್ಣೆಯ ಪಸೆ ಉಳಿದರೆ ಜಾರಿ ಬೀಳುತ್ತೀರಿ, ಎರಡು ಸಲ ಒರೆಸಿ. ಸೂಜಿಯನ್ನು ಬಿಚ್ಚಿ ನೀಲಗಿರಿ ಎಣ್ಣೆ ಅದ್ದಿದ ಹತ್ತಿಯಿಂದ ಒರೆಸಿ, ಮೊದಲು ಚಿಂದಿ ಬಟ್ಟೆಯ ಮೇಲೆ ಓಡಿಸಿ. ಬಟ್ಟೆಯ ಕಲೆಗೂ ನೀಲಗಿರಿ ಎಣ್ಣೆಯೇ, ಆದರೆ ಕಾಣದ ಮೂಲೆಯಲ್ಲಿ ಬಣ್ಣ ಬಿಡುತ್ತದೆಯೇ ಎಂದು ನೋಡಿಕೊಂಡು. ಕಿಟಕಿ ತೆರೆದಿರಲಿ, ಹತ್ತಿರ ದೀಪ ಬೇಡ. ಸ್ಪ್ರೇ ಡಬ್ಬಿಗೂ ಇದೇ ಮಾತು. ಕಲೆ ಹೋಗುವವರೆಗೆ ಇಸ್ತ್ರಿ ಮುಟ್ಟಿಸಬೇಡಿ.

ಯಾವ ಸ್ಪ್ರೇ ಒಳ್ಳೆಯದು ಎಂದೂ ಕೇಳಿದ್ದೀರಿ. ಹಳೆಯ ಸೀರೆಯ ಕೌದಿಗೆ ಯಾವುದೂ ಬೇಡ ಎನ್ನುತ್ತೇನೆ. ಹೊಸ ಬಟ್ಟೆ, ನಡುವೆ ದಪ್ಪ ಫೈಬರ್ ಹಾಳೆ ಇಟ್ಟು ಯಂತ್ರದಲ್ಲಿ ಹೊಲಿಯುವವರಿಗೆ ಅದು ಉಪಯೋಗವಾಗಬಹುದು. ಸವೆದ ಹತ್ತಿ ಸೀರೆ ಒಂದರ ಮೇಲೊಂದು ತಾನೇ ಕೂರುತ್ತದೆ, ಜಾರುವುದಿಲ್ಲ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಕೌದಿ ಹೊಲಿಯುವುದನ್ನು ನೋಡಿ. ಅಂಟೂ ಇಲ್ಲ, ಯಂತ್ರವೂ ಇಲ್ಲ. ಒಂದು ಮೂಲೆಯಿಂದ ಹಿಡಿದು ಅಂಚಿನ ಗುಂಟ ತುಂಡು ಬಟ್ಟೆ ಕೂಡಿಸುತ್ತ, ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ತುಂಡು ಕೂಡಿಸುವ ಹೊಲಿಗೆಯೇ ಪದರಗಳನ್ನೂ ಹಿಡಿಯುತ್ತದೆ. ಕೈ ಮುಂದೆ ಸವರುತ್ತ ಹೋಗುವುದರಿಂದ ಸುಕ್ಕು ನಿಲ್ಲುವುದಿಲ್ಲ.

ಕೆಟ್ಟ ಭಾಗ ಕತ್ತರಿಸಿ ತೆಗೆದ ಮೇಲೆ ನನಗೆ ಉಳಿದದ್ದು ಸೆರಗಿನ ಒಂದು ಮೊಳ. ಅದನ್ನು ಮೇಲಿಟ್ಟು, ಕೆಳಗೆ ನನ್ನದೇ ಹಳೆಯ ಸೀರೆ ಮಡಚಿ, ಊಟದ ಮೇಜಿನ ಮೇಲೆ ಹರಡಿ ಕೈಯಲ್ಲಿ ಹೊಲಿದೆ. ಮೇಜಿನ ಮೇಲಾದರೆ ಮೊಣಕಾಲಿಗೂ ತೊಂದರೆಯಿಲ್ಲ. ತೊಟ್ಟಿಲಿಗೆ ಸರಿಯಾಗುವಷ್ಟು ಕೌದಿ ಒಂಬತ್ತು ದಿನದಲ್ಲಿ ಮುಗಿಯಿತು.