ಪ್ರತಿಕ್ರಿಯೆ: ಜೆನೆಟ್ ರ‍್ಯಾಂಕಿನ್ 1918ರಲ್ಲಿ ಸೋತದ್ದೇಕೆ?

ಮೊದಲ ಮಹಾಯುದ್ಧ ಬೇಡ ಅಂದಿದ್ದಕ್ಕೇ ಅಮೆರಿಕ ಕಾಂಗ್ರೆಸ್ಸಿನ (ಅಲ್ಲಿನ ಸಂಸತ್ತಿನ) ಮೊದಲ ಮಹಿಳೆ ರ‍್ಯಾಂಕಿನ್ ಸೋತರಾ ಅಂತ ಕೇಳಿದ್ದೀರಿ. ಅದೊಂದೇ ಕಾರಣ ಅಲ್ಲ. 1916ರಲ್ಲಿ ಅವರು ಗೆದ್ದಾಗ ಇಡೀ ಮೊಂಟಾನಾ ರಾಜ್ಯ ಒಂದೇ ಕ್ಷೇತ್ರ. ಆಮೇಲೆ ಅದನ್ನು ಎರಡು ಮಾಡಿದರು. ಇವರು ರಿಪಬ್ಲಿಕನ್, ಪಾಲಿಗೆ ಬಂದದ್ದು ಡೆಮಾಕ್ರಟರ ಬಲ ಜಾಸ್ತಿ ಇದ್ದ ಭಾಗ. ಹಾಗಾಗಿ ಮೇಲ್ಮನೆಯಾದ ಸೆನೆಟ್‌ಗೆ ಪ್ರಯತ್ನಿಸಿದರು. ಪಕ್ಷದ ಟಿಕೆಟ್ ಸಿಗಲಿಲ್ಲ, ಬೇರೆ ಪಕ್ಷದಿಂದ ನಿಂತು ಸೋತರು.

1917ರಲ್ಲಿ ಕೆಳಮನೆಯಲ್ಲಿ ಯುದ್ಧದ ವಿರುದ್ಧ ಮತ ಹಾಕಿದವರು ಇವರೂ ಸೇರಿ 50 ಜನ. ಬೈಸಿಕೊಂಡಿದ್ದು ಮಾತ್ರ ಈ ಹೆಂಗಸೇ ಜಾಸ್ತಿ, ಅಲ್ವಾ! ನಿಜಕ್ಕೂ ಒಂಟಿಯಾದದ್ದು ಮತ್ತೆ ಕೆಳಮನೆಗೆ ಆರಿಸಿ ಬಂದ ಮೇಲೆ, 1941ರ ಡಿಸೆಂಬರ್ 8ರಂದು. ಜಪಾನ್ ವಿರುದ್ಧ ಯುದ್ಧಕ್ಕೆ 388 ಮತ, ಬೇಡ ಅಂದದ್ದು ಇವರೊಬ್ಬರೇ. ಸಿಟ್ಟಾದವರಿಂದ ತಪ್ಪಿಸಿಕೊಳ್ಳಲು ಟೆಲಿಫೋನ್ ಬೂತ್ ಹೊಕ್ಕರು. ಮುಂದಿನ ಚುನಾವಣೆಗೆ ನಿಲ್ಲಲೇ ಇಲ್ಲ.