ಒಂದೇ ಮನೆ, ಎರಡು ಬಗೆಯ ಕೀಲುನೋವು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಆಕೆಗೆ 34 ವರ್ಷ, ಕಚೇರಿಯಲ್ಲಿ ಲೆಕ್ಕಪತ್ರ ನೋಡುವ ಕೆಲಸ. ನಿದ್ದೆ ಬರುತ್ತಿಲ್ಲ, ಸಣ್ಣ ಮಾತಿಗೂ ಅಳು ಬರುತ್ತದೆ ಎಂದು ಆಪ್ತಸಲಹೆಗಾಗಿ ಗಂಡನೊಂದಿಗೆ ನನ್ನ ಬಳಿ ಬಂದಿದ್ದರು. ಕೆಲವು ತಿಂಗಳ ಹಿಂದೆ ರುಮಟಾಯ್ಡ್ ಆರ್ಥ್ರೈಟಿಸ್ ಎಂಬ ಕೀಲುರೋಗ ಇದೆ ಎಂದು ಗೊತ್ತಾಗಿತ್ತು. ಎರಡು ವಾರ ಮಾತ್ರೆ ತೆಗೆದುಕೊಂಡು, ಗುಣ ಕಾಣಲಿಲ್ಲವೆಂದು ಬಿಟ್ಟಿದ್ದರು. ನೋವು ಹೆಚ್ಚಾದಾಗ ಅತ್ತೆಯ ನೋವಿನ ಮಾತ್ರೆ ನುಂಗುತ್ತಿದ್ದರು.

“ಅಮ್ಮನಿಗೂ ಮಂಡಿನೋವಿದೆ ಮೇಡಂ. ಬೆಳಿಗ್ಗೆ ಅವರೇ ಎದ್ದು ಎಲ್ಲ ಮಾಡ್ತಾರೆ,” ಎಂದರು ಗಂಡ. ಆಕೆ ತಲೆ ತಗ್ಗಿಸಿದರು. ಆಮೇಲೆ ಒಬ್ಬರೇ ಇದ್ದಾಗ ಹೇಳಿದರು: “ಬೆಳಿಗ್ಗೆ ಮುಷ್ಟಿ ಕಟ್ಟೋಕೂ ಆಗಲ್ಲ. ಹತ್ತು ಗಂಟೆ ಹೊತ್ತಿಗೆ ಕೈ ಸಡಿಲ ಆಗತ್ತೆ. ಆಗ ಕೆಲಸ ಮಾಡೋದು ನೋಡಿದವರಿಗೆ ನಾನು ನಾಟಕ ಆಡ್ತಿದ್ದೀನಿ ಅನ್ಸತ್ತೆ.”

ಈ ಮನೆಯ ಜಗಳದ ಬೇರು ಇಲ್ಲಿತ್ತು. ಮುಂದಿನ ಭೇಟಿಯಲ್ಲಿ ಇಬ್ಬರನ್ನೂ ಕೂರಿಸಿ ವಿವರಿಸಿದೆ. ಅತ್ತೆಯವರದು ಆಸ್ಟಿಯೋ ಆರ್ಥ್ರೈಟಿಸ್. ಮೂಳೆಗಳ ತುದಿಯ ಮೃದ್ವಸ್ಥಿ ಸವೆದಿರುತ್ತದೆ. ಬೆಳಗಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ, ಓಡಾಡಿದಷ್ಟೂ ಸಂಜೆಗೆ ನೋವು ಏರುತ್ತದೆ. ಸೊಸೆಯದು ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ಎರಗುವ ಕಾಯಿಲೆ. ಎರಡೂ ಕೈಗಳ ಬೆರಳುಬುಡ, ಮಣಿಕಟ್ಟು ಊದಿಕೊಳ್ಳುತ್ತವೆ. ಬಿಗಿತ ಗಂಟೆಗೂ ಮೀರಿ ಇರಬಹುದು, ಕೈಯಾಡಿಸುತ್ತ ಹೋದಂತೆ ಕಡಿಮೆಯಾಗುತ್ತದೆ. ಜೊತೆಗೆ ವಿಪರೀತ ಸುಸ್ತು. ಬೆಳಿಗ್ಗೆ ಆಗದ ಕೆಲಸ ಮಧ್ಯಾಹ್ನ ಆಗುವುದು ಈ ಕಾಯಿಲೆಯ ಲಕ್ಷಣ, ಸೋಮಾರಿತನವಲ್ಲ. ಗಂಡ ಬಹಳ ಹೊತ್ತು ಮಾತಾಡಲಿಲ್ಲ.

ಆಮೇಲೆ ಗಂಡ ತಮ್ಮ ಅಣ್ಣನಿಗಿರುವ ಗೌಟ್ ಎಂಬ ಇನ್ನೊಂದು ಬಗೆಯ ಕೀಲುನೋವಿನ ಬಗ್ಗೆಯೂ ಕೇಳಿದರು. ಅದು ಯೂರಿಕ್ ಆಮ್ಲದ ಹರಳುಗಳಿಂದ ಬರುವಂಥದ್ದು, ಹೆಚ್ಚಾಗಿ ಕಾಲಿನ ಹೆಬ್ಬೆರಳಲ್ಲಿ ಶುರುವಾಗುತ್ತದೆ. ಅದರ ಔಷಧವೇ ಬೇರೆ.

ಮಾತ್ರೆಯ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಮಾತಾಡಿದೆ. ನೋವಿನ ಮಾತ್ರೆ ನೋವನ್ನಷ್ಟೇ ತಗ್ಗಿಸುತ್ತದೆ, ಕೀಲು ಹಾಳಾಗುವುದನ್ನು ತಡೆಯುವುದಿಲ್ಲ. ವೈದ್ಯರು ಬರೆದಿದ್ದ, ಆಕೆ ಎರಡೇ ವಾರಕ್ಕೆ ಬಿಟ್ಟಿದ್ದ ಮೆಥೋಟ್ರೆಕ್ಸೇಟ್ ಮಾತ್ರೆಯ ಪರಿಣಾಮ ಕಾಣಲು 6ರಿಂದ 12 ವಾರ ಬೇಕು. ಅದನ್ನು ತೆಗೆದುಕೊಳ್ಳುವುದು ವಾರಕ್ಕೆ ಒಂದೇ ದಿನ. ತಪ್ಪಿ ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಆಗಾಗ ರಕ್ತಪರೀಕ್ಷೆಯೂ ಆಗಬೇಕು. ರುಮಟಾಲಜಿಸ್ಟ್ (ಕೀಲುರೋಗ ತಜ್ಞರು) ಬಳಿ ಮರಳಿ ಹೋಗಿ, ಬಿಟ್ಟದ್ದನ್ನು ಮುಚ್ಚಿಡದೆ ಹೇಳಿ ಎಂದೆ. ಬೈಯುತ್ತಾರೆಂಬ ಭಯಕ್ಕೇ ಎಷ್ಟೋ ಜನ ವೈದ್ಯರ ಕಡೆ ತಲೆ ಹಾಕುವುದಿಲ್ಲ.

ಬೆಳಗಿನ ಮೊದಲ ಗಂಟೆಯ ಕೆಲಸ ತಾನು ವಹಿಸಿಕೊಳ್ಳುವುದಾಗಿ ಗಂಡ ಒಪ್ಪಿದರು. ಆ ಹೊತ್ತಿನಲ್ಲಿ ಆಕೆ ಬಿಸಿನೀರಲ್ಲಿ ಕೈಯಿಟ್ಟು ಬೆರಳಾಡಿಸಬೇಕು. ಅತ್ತೆಯವರಿಗೆ ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ, ತೂಕ ಇಳಿಸುವುದು ಮುಖ್ಯ: ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ತಗ್ಗುತ್ತದೆ.

ಮೂರನೇ ಭೇಟಿಗೆ ಬರುವಷ್ಟರಲ್ಲಿ ಔಷಧ ಮತ್ತೆ ಶುರುವಾಗಿತ್ತು, ನಿದ್ದೆ ಸ್ವಲ್ಪ ಸುಧಾರಿಸಿತ್ತು. ಹೊರಡುವಾಗ ಆಕೆ ಮೆಲ್ಲಗೆ ಕೇಳಿದರು: “ಎರಡನೇ ಮಗು ಆಸೆ ಇದೆ, ಆಗತ್ತಾ?” ಆಗುತ್ತದೆ. ಆದರೆ ಮೆಥೋಟ್ರೆಕ್ಸೇಟ್ ಗರ್ಭದಲ್ಲಿರುವ ಮಗುವಿಗೆ ಹಾನಿ ಮಾಡುತ್ತದೆ. ಗರ್ಭ ನಿಲ್ಲುವ ಮುಂಚೆಯೇ ವೈದ್ಯರು ಅದನ್ನು ನಿಲ್ಲಿಸಿ, ಬಸಿರಿನಲ್ಲೂ ತೆಗೆದುಕೊಳ್ಳಬಹುದಾದ ಔಷಧಕ್ಕೆ ಬದಲಾಯಿಸಬೇಕು. ನಿಲ್ಲಿಸಿದ ಮೇಲೂ ವೈದ್ಯರು ಸರಿ ಎನ್ನುವವರೆಗೆ ಗರ್ಭನಿರೋಧಕ ತಪ್ಪಿಸಬಾರದು. ಈ ಸಲ ನೀವಾಗಿಯೇ ಮಾತ್ರೆ ಬಿಡಬೇಡಿ, ಮುಂದಿನ ಭೇಟಿಯಲ್ಲಿ ವೈದ್ಯರಿಗೆ ಮೊದಲು ಹೇಳಬೇಕಾದದ್ದು ಇದನ್ನೇ ಎಂದೆ. ಗಂಡ ಮೊಬೈಲ್ ತೆಗೆದು ಬರೆದುಕೊಂಡರು.