ಅಲಾಸ್ಕಾದ ಗುಂಡೇಟು, ಗುಡ್ಡದ ಜನ

ಪ್ರಶ್ನೆ: ‘ಮಿಡ್‌ನೈಟ್ ಸನ್’ ಅನ್ನೋ ಅಲಾಸ್ಕಾದ ಕ್ರೈಮ್ ಪಾಡ್‌ಕಾಸ್ಟ್ ಕೇಳಿದೆ. ಇಬ್ಬರಿಗೆ ಗುಂಡು ಹೊಡೆದ ನಟನೊಬ್ಬ, ಗುಡ್ಡದಲ್ಲಿ ‘ಇನ್ಯುಕುನ್’ಗಳು ಎದುರಾದರು ಎನ್ನುತ್ತಾನೆ. ನಿರೂಪಕರು ಇದನ್ನು ಸುಳ್ಳು ಎಂದು ಯಾಕೆ ಹೇಳಿಬಿಡುವುದಿಲ್ಲ? ಅಪರಾಧದ ಜೊತೆ ಅಜ್ಜಿ ಕತೆ ಬೆರೆಸುವುದು ಸರಿಯೇ?
– ಓದುಗರೊಬ್ಬರು, ಮೈಸೂರು

ಉತ್ತರ: ‘ಅಜ್ಜಿ ಕತೆ’ ಅಂದಿರಲ್ಲ, ತೊಡಕು ಅಲ್ಲೇ ಇದೆ. ಉತ್ತರ ಅಲಾಸ್ಕಾದ ಇನ್ಯುಪಿಯಾಕ್ ಜನರಲ್ಲಿ ಕತೆಗೆ ಎರಡು ಹೆಸರು. ತಲೆತಲಾಂತರದಿಂದ ಬಂದ ಹಳೇ ಕತೆ ‘ಉನಿಪ್ಕಾಕ್’. ಯಾರೋ ಕಣ್ಣಾರೆ ಕಂಡದ್ದು, ಯಾರಿಗೋ ನಿಜವಾಗಿ ಆದದ್ದು ‘ಕುಲಿಯಾಕ್ತುವಾಕ್’. ಇನ್ಯುಕುನ್ ಅಂದರೆ ಊರಿನ ಕಣ್ಣಿಗೆ ಬೀಳದೆ ಗುಡ್ಡಗಾಡಿನಲ್ಲಿ ಬಾಳುವ, ಎಲ್ಲರೂ ಹೆದರುವ ಜನ. ಅವರ ಸುದ್ದಿ ‘ಒಂದಾನೊಂದು ಕಾಲದಲ್ಲಿ’ ಎಂದೇ ಶುರುವಾಗಬೇಕಿಲ್ಲ. ‘ನಮ್ಮ ಮಾವ ಬೇಟೆಗೆ ಹೋದಾಗ’ ಎಂದೂ ಶುರುವಾಗಬಹುದು. ಆಕಾಶದಲ್ಲಿ ‘ಉತ್ತರದ ಬೆಳಕು’ (ಅರೋರಾ) ಕುಣಿಯುವಾಗ ಸಿಳ್ಳೆ ಹೊಡೆದರೆ ಅದು ಕೆಳಗಿಳಿದು ಬರುತ್ತೆ ಎಂದು ಅಲ್ಲಿ ಮಕ್ಕಳನ್ನು ಗದರುತ್ತಾರೆ. ರಾತ್ರಿ ಸಿಳ್ಳೆ ಹೊಡೆದರೆ ಹಾವು ಬರುತ್ತೆ ಎಂದು ನಮ್ಮನ್ನೂ ಗದರಿದ್ದರು, ಅಲ್ವಾ? ನಾನಂತೂ ಈಗಲೂ ಹೊಡೆಯುವುದಿಲ್ಲ.

ನಿರೂಪಕರೂ ಇನ್ಯುಪಿಯಾಕ್, ಅವರ ಮುತ್ತಜ್ಜ ಹೆಸರಾದ ಕತೆಗಾರ. ಮನೆಯಲ್ಲಿ ಕೇಳಿ ಬೆಳೆದದ್ದನ್ನು ಮೈಕ್ ಮುಂದೆ ಕೂತ ತಕ್ಷಣ ಸುಳ್ಳು ಅನ್ನಲು ಬಾಯಿ ಬರುತ್ತಾ?

ಜಾಗವನ್ನೂ ನೋಡಿ. 2012ರಲ್ಲಿ ಈ ಪ್ರಕರಣ ಶುರುವಾದ ಕಯಾನಾ, ಕೋಬುಕ್ ನದಿ ದಡದ ಪುಟ್ಟ ಹಳ್ಳಿ. ಹೊರಗಿನಿಂದ ರಸ್ತೆಯೇ ಇಲ್ಲ. ಬೇಸಿಗೆಯಲ್ಲಿ ದೋಣಿ, ಚಳಿಗಾಲದಲ್ಲಿ ಸ್ನೋಮೊಬೈಲ್, ಇಲ್ಲವೇ ಸಣ್ಣ ವಿಮಾನ. ಪೊಲೀಸರೂ ಹಾರಿಯೇ ಬರಬೇಕು. ಅಲಾಸ್ಕಾದ ಹಳ್ಳಿಗಳನ್ನು ಕಾಯುವ ಸುರಕ್ಷತಾ ಅಧಿಕಾರಿಗಳಿಗೆ 2014ರವರೆಗೆ ಬಂದೂಕು ಒಯ್ಯಲು ಅನುಮತಿಯೇ ಇರಲಿಲ್ಲ. ಅಂಥ ಕಡೆ ಒಬ್ಬ ಕೋವಿ ಹಿಡಿದು ಗುಡ್ಡ ಸೇರಿದ ಅಂದರೆ, ಊರವರ ಮೈ ಜುಮ್ ಅನ್ನಲು ಇನ್ಯುಕುನ್‌ಗಳೇ ಬೇಕಿಲ್ಲ.

ಕೋರ್ಟಿಗೆ ಬೇಕಿದ್ದದ್ದು ಒಂದೇ: ಬೇಟೆಗೆ ಬಂದಿದ್ದ ಇಬ್ಬರು ಅಣ್ಣತಮ್ಮಂದಿರಿಗೆ ಆ ನಟ ಗುಂಡು ಹೊಡೆದದ್ದು ಅಪರಾಧವೇ? ಹೌದು ಎಂದು ತೀರ್ಮಾನವಾಯಿತು, ಶಿಕ್ಷೆಯೂ ಆಯಿತು. ಗುಡ್ಡದಲ್ಲಿ ಅವನಿಗೆ ಯಾರು ಕಂಡರು ಎನ್ನುವುದು ಬೇರೆ ಪ್ರಶ್ನೆ. ಅದನ್ನು ನಿರೂಪಕರು ತೆರೆದೇ ಇಟ್ಟದ್ದು ನನಗೆ ಸರಿ ಅನ್ನಿಸುತ್ತದೆ. ಆದರೆ ಇಂಥ ಕತೆಗಳಲ್ಲಿ ಒಂದು ಅಪಾಯ ಇದ್ದೇ ಇದೆ. ನಿಗೂಢ ಜನ ಬಂದರೆ ಕಿವಿ ಅತ್ತ ವಾಲುತ್ತದೆ. ಏಟು ತಿಂದು ಬದುಕಿದ ಇಬ್ಬರು ಹಿಂದೆ ಸರಿಯುತ್ತಾರೆ.

ಇನ್ನೊಂದು ವಿಷಯ, ನೀವು ಕೇಳಿಲ್ಲ, ಸುಮ್ನೆ ಹೇಳುತ್ತಿದ್ದೇನೆ. ಇನ್ಯುಪಿಯಾಕ್ ಊರುಗಳಲ್ಲಿ ‘ಹೌದು’ ಎನ್ನಲು ಹುಬ್ಬು ಮೇಲೆತ್ತಿದರೆ ಸಾಕು, ‘ಇಲ್ಲ’ ಎನ್ನಲು ಮೂಗು ಸುಕ್ಕಿಸುತ್ತಾರೆ. ಆಡಿಯೊದಲ್ಲಿ ಇದೆಲ್ಲಿ ಕಾಣಬೇಕು? ಆ ಕಡೆಯವರ ಸಂದರ್ಶನ ಕೇಳುವಾಗ ಪ್ರಶ್ನೆಯ ನಂತರ ಬರೀ ಮೌನ ಬಂದರೆ, ಮುಂದಕ್ಕೆ ಓಡಿಸಬೇಡಿ. ಅಲ್ಲೊಬ್ಬರು ಹುಬ್ಬು ಎತ್ತಿರಬಹುದು.